ಹಂಡೆ ಮೂತಿಯ ಕಾರು

ಈ ಸಲದ ಅವರೆಕಾಯಿ ಕಾಲದಲ್ಲಿ ಒಂದು ಬೆಳಗ್ಗೆ, ಹಾಸನದ ನನ್ನ ಮನೆಯ ಅಡುಗೆಕೋಣೆಯಲ್ಲಿ ನೆನೆಸಿದ ಕಾಳು ಹಿತುಕುತ್ತ ಕೂತಿದ್ದಾಗ ಫೋನು ಟಿಣ್ ಎಂದಿತು. ನಮ್ಮದು ನಿವೃತ್ತ ಆರೋಗ್ಯ ಸಹಾಯಕಿಯರ ಒಂದು ವಾಟ್ಸಾಪ್ ಗುಂಪಿದೆ. ಬೆಳಗಾದರೆ ಅದರಲ್ಲಿ ದೇವರ ಪಟ, ಗುಲಾಬಿ ಹೂವು, ಮಂಡಿನೋವಿಗೆ ಮೆಂತ್ಯದ ಕಷಾಯ, ಇಷ್ಟೇ. ಅವತ್ತು ಯಾರೋ ಒಂದು ಕಪ್ಪುಬಿಳುಪು ಫೋಟೊ ಕಳಿಸಿದ್ದರು. ಮೂರು ಗಾಲಿಯ ಪುಟ್ಟ ಕಾರು. ಎರಡು ಗಾಲಿ ಮುಂದೆ, ಒಂದು ಹಿಂದೆ. ಎತ್ತರದಲ್ಲಿ ಎಮ್ಮೆಕರುವಿಗಿಂತ ಸ್ವಲ್ಪ ಹೆಚ್ಚು ಅನ್ನಬಹುದು. ದುಂಡನೆಯ ಮೂತಿ, ಮೂತಿಯ ನಡುವೆ ಒಂದೇ ಒಂದು ದೀಪ. ಕೆಳಗೆ ಹೀಗೆ ಬರೆದಿತ್ತು: ‘ಚನ್ನರಾಯಪಟ್ಟಣದಲ್ಲಿ ಬಾಗಿಲು ಮುಚ್ಚಿದ ಹಳೆಯ ಸ್ಟುಡಿಯೋ ಒಂದರಲ್ಲಿ ಸಿಕ್ಕ ನೆಗೆಟಿವ್. ಕಂಪನಿಯ ಗುರುತಿಲ್ಲ, ನಂಬರ್ ಪ್ಲೇಟಿಲ್ಲ. ಮಾರುಕಟ್ಟೆಗೆ ಬಾರದೆ ಉಳಿದುಹೋದ ಯಾವುದೋ ಕಂಪನಿಯ ಪ್ರೋಟೋಟೈಪ್ ಇರಬಹುದು. ಬಲ್ಲವರು ತಿಳಿಸಿ.’ ಜೊತೆಗೊಂದು ಫೋನ್ ನಂಬರು.

ನಾನು ಮೊದಲು ಗುರುತು ಹಿಡಿದದ್ದು ಕಾರನ್ನಲ್ಲ, ಅದರ ಹಿಂದಿನ ಗೋಡೆಯನ್ನು. ಮಣ್ಣಿನ ಗೋಡೆಯಲ್ಲಿ ದೀಪ ಇಡುವ ಮೂರು ಗೂಡುಗಳು. ನಡುವಿನ ಗೂಡಿನ ಮೇಲೆ ಮಸಿ ಹಿಡಿದು ಹಿಡಿದು, ಗೋಡೆಗೆ ಯಾರೋ ಕಾಡಿಗೆ ತೀಡಿದ ಹಾಗೆ ಕಾಣುತ್ತಿತ್ತು. ನಾನು ಅಕ್ಷರ ಕಲಿತದ್ದು ಆ ಗೋಡೆಗೆ ಬೆನ್ನು ಕೊಟ್ಟು ಕೂತು. ಅದಾದ ಮೇಲೆ ಕಾರನ್ನು ನೋಡಿದೆ. ಕಾಳಿನ ಸಿಪ್ಪೆ ಮೆತ್ತಿದ ಕೈಯಲ್ಲೇ ಆ ನಂಬರಿಗೆ ಫೋನು ಮಾಡಿದೆ. ಮಾತಾಡಿದವರ ಹೆಸರು ನಾಗೇಂದ್ರ. ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾರಂತೆ; ಹಳೆಯ ಗಾಡಿಗಳೆಂದರೆ ಪ್ರಾಣವಂತೆ.

“ಸಾ, ಆ ಕಾರು ನಮ್ಮನೇದು.”

“ಹೌದಾ ಮೇಡಂ? ಯಾವ ಕಂಪನೀದು?”

“ಕಂಪನಿ ಗಿಂಪನಿ ಇಲ್ಲ. ಹೊಳೆನರಸೀಪುರದಲ್ಲಿ ನಮ್ಮ ಚಿಕ್ಕಪ್ಪ ಮಾಡಿದ್ದು, ಹಿತ್ತಿಲಲ್ಲಿ.”



“ಬೇಜಾರು ಮಾಡ್ಕೋಬೇಡಿ ಮೇಡಂ. ಇದರಲ್ಲಿ ಕಾಲಲ್ಲಿ ತುಳಿಯೋ ಬ್ರೇಕೂ ಇಲ್ಲ, ಕ್ಲಚ್ಚೂ ಇಲ್ಲ. ಸ್ಟೀರಿಂಗ್ ಬದಲು ಒಂದು ಕೋಲಿದೆ. ಇಷ್ಟು ಯೋಚನೆ ಮಾಡಿ ಮಾಡಿರೋದು ನೋಡಿದ್ರೆ ಹೊರದೇಶದ್ದೇ ಅಂತ ನಮ್ಮ ಗುಂಪಲ್ಲಿ ಎಲ್ಲರೂ ಅಂತಿದಾರೆ.”

“ಕಾಲಲ್ಲಿ ತುಳಿಯೋದು ಯಾಕಿರಬೇಕು ಸಾ? ಅದನ್ನ ಓಡಿಸ್ತಿದ್ದೋಳಿಗೆ ಕಾಲು ಬರ್ತಿರಲಿಲ್ಲ.”

ಮುಂದಿನ ಭಾನುವಾರ ಮನೆಗೆ ಬರುತ್ತೇನೆ ಎಂದರು ನಾಗೇಂದ್ರ. ಆ ಭಾನುವಾರದವರೆಗೆ ನಾನು ಹಾಸನದಲ್ಲಿ ಇದ್ದೆನೋ ಹೊಳೆನರಸೀಪುರದಲ್ಲಿ ಇದ್ದೆನೋ ನನಗೇ ತಿಳಿಯದು.

ನಮ್ಮ ಮನೆ ಇದ್ದದ್ದು ಊರಿನ ಅಂಚಿನಲ್ಲಿ, ಬೀದಿ ಮುಗಿದು ಗದ್ದೆ ಶುರುವಾಗುವ ಕಡೆ. ತಲೆಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಬಲಕ್ಕೆ ಉದ್ದನೆಯ ಪಡಸಾಲೆ, ಅದರಾಚೆ ನಡುಮನೆ, ಅಡುಗೆಮನೆ, ಕೊನೆಗೆ ಬಚ್ಚಲು. ಬಚ್ಚಲಿನ ಹಿಂಬಾಗಿಲು ತೆಗೆದರೆ ಹಿತ್ತಿಲು, ಹುಲ್ಲಿನ ಮೆದೆ, ಗೂಡುಗಳಿದ್ದ ಆ ಗೋಡೆ. ಆಲೂಗಡ್ಡೆ ಕಿತ್ತ ದಿನಗಳಲ್ಲಿ ಪಡಸಾಲೆಯ ಅರ್ಧ ಭಾಗ ಅದರದ್ದೇ ರಾಶಿ. ಮನೆಯೆಲ್ಲ ಹಸಿಮಣ್ಣಿನ ವಾಸನೆ, ನಾವು ಮಕ್ಕಳು ಆ ರಾಶಿಯ ಪಕ್ಕದಲ್ಲೇ ಮಲಗುತ್ತಿದ್ದೆವು. ನಮ್ಮ ಮನೆಯಲ್ಲಿ ಮೆತ್ತಗೆ ಮಾತಾಡುವ ಪದ್ಧತಿ ಇರಲಿಲ್ಲ. ಮುದ್ದೆ ಗಟ್ಟಿಯಾದರೆ ಜಗಳ, ಮೆತ್ತಗಾದರೆ ಜಗಳ, ಉಪ್ಪೆಸರಿಗೆ ಬೆಳ್ಳುಳ್ಳಿ ಹೆಚ್ಚಾದರೆ ಜಗಳ. ಅಪ್ಪಯ್ಯ ಗದ್ದೆಯಿಂದ ಬಂದು ಕೈಕಾಲು ತೊಳೆಯುವಾಗ ಚೊಂಬಿನ ಸದ್ದು ಕೇಳಿಯೇ ಅವತ್ತಿನ ಕೋಪ ಎಷ್ಟಿದೆ ಅಂತ ಅವ್ವ ಅಳೆಯುತ್ತಿದ್ದಳು. ಅವ್ವನ ಹೆಸರು ನಿಂಗಮ್ಮ. ಅವಳ ತವರು ಚನ್ನರಾಯಪಟ್ಟಣಕ್ಕೆ ಸ್ವಲ್ಪ ಈಚೆಗಿನ ಒಂದು ಹಳ್ಳಿ. ಗಂಡನಿಗೆ ಎದುರು ನಿಂತು ಮಾತಾಡಿದ್ದನ್ನು ನಾನು ನೋಡಿದವಳಲ್ಲ. ಅವಳ ಕೋಪವೆಲ್ಲ ಪಾತ್ರೆಗಳ ಮೇಲೆ, ದನಗಳ ಮೇಲೆ, ಒಂದಿಷ್ಟು ನನ್ನ ಮೇಲೆ. ನಕ್ಕರೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ನಗುತ್ತಿದ್ದಳು.

ಗೂಡುಗಳಿದ್ದ ಗೋಡೆಯ ಬುಡ ನಮ್ಮ ಸಾವಿತ್ರತ್ತೆಯ ಜಾಗ. ಅವಳು ಅಪ್ಪಯ್ಯನ ತಂಗಿ. ಮಗುವಾಗಿದ್ದಾಗ ಬಂದ ಜ್ವರ ಅವಳ ಎರಡು ಕಾಲನ್ನೂ ಒಣಗಿಸಿತ್ತು. ಮನೆಯೊಳಗೆ ಒಂದು ಚೌಕದ ಮಣೆಯ ಮೇಲೆ ಕೂತು, ಕೈಯಿಂದ ನೆಲ ನೂಕಿಕೊಂಡು ಓಡಾಡುತ್ತಿದ್ದಳು. ಮಣೆಗೆ ಕಬ್ಬಿಣದ ಸಣ್ಣ ಗಾಲಿಗಳಿದ್ದವು. ಗರಗರ ಸದ್ದು ಬಂತೆಂದರೆ ಅತ್ತೆ ಬಂದಳು ಅಂತ ಬೆಕ್ಕಿಗೂ ಗೊತ್ತಾಗುತ್ತಿತ್ತು. ಅವಳ ನಾಲಗೆ ಹರಿತ, ಕೈ ಅದಕ್ಕಿಂತ ಚುರುಕು. ಸೂಜಿ ದಾರದಲ್ಲೇ ಮನೆಮಂದಿಯ ರವಿಕೆ, ಲಂಗ, ಅಂಗಿ ಎಲ್ಲ ಹೊಲಿಯುತ್ತಿದ್ದಳು. ಅಂಗಡಿಯಿಂದ ಬೆಲ್ಲ ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ ನನಗೆ ಓದಲು ಕಲಿಸಿದವಳು ಅವಳೇ. ಅವಳಿಗೆ ಸಹಿಸಲಾಗದ್ದು ಒಂದೇ: ಯಾರಾದರೂ ಎತ್ತಿಕೊಳ್ಳುವುದು. ಹಬ್ಬಕ್ಕೋ ಮದುವೆಗೋ ಅಪ್ಪಯ್ಯ ಅವಳನ್ನು ತೋಳಲ್ಲಿ ಎತ್ತಿ ಗಾಡಿಯಲ್ಲಿ ಕೂರಿಸುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. “ಆಲೂಗಡ್ಡೆ ಮೂಟೆ ಏರಿಸ್ದಂಗೆ ಏರಿಸ್ತಾರೆ ಕಣೆ ಮಗ” ಎಂದು ನನ್ನ ಹತ್ತಿರ ಒಂದು ಸಲ ಹೇಳಿದ್ದಳು. ಆಮೇಲಾಮೇಲೆ ಮದುವೆಗೆ ಕರೆದರೆ ಹೊಟ್ಟೆನೋವು ಅಂದುಬಿಡುತ್ತಿದ್ದಳು.

ಚಿಕ್ಕಪ್ಪ ರಂಗಣ್ಣ ಮೈಸೂರಿನ ಒಂದು ಲೇತ್ ಶಾಪಿನಲ್ಲಿ ಕೆಲವು ವರ್ಷ ದುಡಿದು, ತಾತ ತೀರಿಕೊಂಡ ಮೇಲೆ ಜಮೀನಿಗೆ ಕೈ ಬೇಕೆಂದು ಊರಿಗೆ ಬಂದಿದ್ದ. ಅವನ ಕೈ ನೇಗಿಲಿನ ಮೇಲಿದ್ದರೂ ಮನಸ್ಸು ಕಬ್ಬಿಣದ ಮೇಲೆ. ಅತ್ತೆಯ ಮಣೆಗೆ ಗಾಲಿ ಹಾಕಿಕೊಟ್ಟವನೂ ಅವನೇ. ಒಂದು ದಿನ ಅರಕಲಗೂಡಿನಿಂದ ಎತ್ತಿನ ಗಾಡಿಯಲ್ಲಿ ಏನನ್ನೋ ಗೋಣಿಚೀಲ ಹೊದಿಸಿ ತಂದ. ಅಲ್ಲಿನ ಅಕ್ಕಿ ಗಿರಣಿಯವರು ಮೂಲೆಗೆಸೆದಿದ್ದ ಹಳೆಯ ಸ್ಕೂಟರು. ಅಪ್ಪಯ್ಯ ಜಗಲಿಯ ಮೇಲೆ ನಿಂತು ನೋಡಿದರು.

“ಇದೇನ್ಲಾ ರಂಗ, ಸತ್ತ ಎತ್ತು ತಂದಂಗೆ ತಂದಿದೀಯ?”

“ಬದುಕಿಸ್ತೀನಿ ಕಣಣ್ಣಯ್ಯ.”

“ಬದುಕಿಸಿ ಏನ್ ಮಾಡೀಯ?”

“ಸಾವಿತ್ರಿಗೆ ಒಂದು ಗಾಡಿ ಮಾಡ್ತೀನಿ. ಅವ್ಳೇ ಓಡಿಸ್ಕೊಂಡ್ ಓಗೋವಂತದ್ದು.”

ಅಪ್ಪಯ್ಯ ಮೊದಲು ನಕ್ಕರು. ತಮ್ಮ ನಗದೇ ನಿಂತಿದ್ದನ್ನು ಕಂಡು ಮುಖ ಗಂಟಾಯಿತು.

“ಕಾಲಿಲ್ದೋಳು ರಸ್ತೇಲಿ ಮೋಟ್ರು ಬಿಟ್ಕೊಂಡ್ ಓದ್ರೆ ಊರೋರು ನಿಂತು ನೋಡಾಕಿಲ್ವಾ? ನಗಾಕಿಲ್ವಾ? ನನ್ ತಂಗೀನ ಯಾರೂ ನೋಡಿ ನಗ್ಬಾರ್ದು ಕಣ್ಲಾ. ಬ್ಯಾಡ ಅಂದ್ರೆ ಬ್ಯಾಡ.”

ಆಗ ನನಗೆ ಅಪ್ಪಯ್ಯ ಕಲ್ಲುಮನಸ್ಸಿನವರಂತೆ ಕಂಡರು. ಆ ಮಾತಿನಲ್ಲಿ ತಂಗಿಯ ಮೇಲೆ ಎಷ್ಟು ಪ್ರೀತಿ ಇತ್ತು, ಆ ಪ್ರೀತಿಯೇ ಹೇಗೆ ಅವಳನ್ನು ಮನೆಯೊಳಗೆ ಕೂಡಿಹಾಕಿತ್ತು ಎನ್ನುವುದು ತಿಳಿಯುವ ವಯಸ್ಸು ನನ್ನದಲ್ಲ. ಚಿಕ್ಕಪ್ಪ ಎದುರು ಮಾತಾಡಲಿಲ್ಲ. ಅಣ್ಣ ಗದ್ದೆಗೆ ಹೋದ ಮೇಲೆ ಹಿತ್ತಿಲಲ್ಲಿ ಕೆಲಸ ಶುರು ಮಾಡುತ್ತಿದ್ದ. ಮೊದಲು ಅತ್ತೆಯನ್ನು ನೆಲದ ಮೇಲೆ ಕೂರಿಸಿಕೊಂಡು, ಅವಳ ಸುತ್ತ ಸುಣ್ಣದಕಡ್ಡಿಯಿಂದ ಗೆರೆ ಎಳೆದ. ಕೈ ಎಷ್ಟು ದೂರ ಚಾಚುತ್ತೆ, ಎಷ್ಟು ಬಲ ಹಾಕಬಲ್ಲಳು, ಬಗ್ಗಿದರೆ ತಲೆ ಎಲ್ಲಿಗೆ ಬರುತ್ತೆ, ಎಲ್ಲಕ್ಕೂ ಒಂದೊಂದು ಗೆರೆ. ಆ ಗೆರೆಗಳ ನಡುವೆ ಕೂತು ಅತ್ತೆ ತನ್ನ ಷರತ್ತು ಹೇಳಿದಳು:

“ನಾನೇ ಅತ್ತಬೇಕು, ನಾನೇ ಇಳೀಬೇಕು. ಯಾರೂ ನನ್ನ ಎತ್ಬಾರ್ದು. ಅಂಗಿದ್ರೆ ಮಾಡು ರಂಗಣ್ಣ, ಇಲ್ದಿದ್ರೆ ನಂಗೆ ಗಾಡೀನೇ ಬ್ಯಾಡ.”

ಹಾಗಾಗಿ ಕಾರಿನ ಸೀಟು ಅವಳ ಮಣೆಯ ಎತ್ತರಕ್ಕೇ ಬಂತು. ಬಾಗಿಲು ಪಕ್ಕಕ್ಕೆ ತೆರೆಯದೆ ಕೆಳಕ್ಕೆ ಹಲಗೆಯಂತೆ ಬಿಚ್ಚಿಕೊಳ್ಳುತ್ತಿತ್ತು. ಮಣೆಯಿಂದ ಹಲಗೆಗೆ, ಹಲಗೆಯಿಂದ ಸೀಟಿಗೆ ಜರುಗಿದರಾಯಿತು. ಬ್ರೇಕು, ಕ್ಲಚ್ಚು, ತಿರುಗಿಸುವ ಕೋಲು ಎಲ್ಲ ಕೈಗೆ. ಪೈಪು ಬೆಸೆದು ಚೌಕಟ್ಟಾಯಿತು. ಎಣ್ಣೆ ಡಬ್ಬಗಳನ್ನು ಸೀಳಿ, ಬಡಿದು, ಮೈಯಾಯಿತು. ಬಾರದೆ ಉಳಿದದ್ದು ಮೂತಿ ಮಾತ್ರ. ತಗಡನ್ನು ಎಷ್ಟು ಬಗ್ಗಿಸಿದರೂ ದುಂಡಗಾಗದೆ ಹರಿಯುತ್ತಿತ್ತು. ಹರಿದ ತಗಡಿನ ಅಂಚು ತಾಗಿ ಚಿಕ್ಕಪ್ಪನ ಕೈಯೆಲ್ಲ ಗಾಯ. ಅವ್ವ ಬಚ್ಚಲಿನ ಬಾಗಿಲಲ್ಲಿ ನಿಂತು ಅರಿಶಿನ ಕಲಸಿ ಕೊಡುತ್ತಿದ್ದಳು.

ಬಚ್ಚಲಲ್ಲಿ ಅವ್ವನ ತವರಿನ ತಾಮ್ರದ ಹಂಡೆ ಇತ್ತು. ಮನೆಮಂದಿಗೆಲ್ಲ ಬಿಸಿನೀರು ಅದರದ್ದೇ. ಎಲ್ಲೋ ಸೂಜಿಮೊನೆಯಷ್ಟು ತೂತಾಗಿ ಒಲೆಗೆ ನೀರು ತೊಟ್ಟಿಕ್ಕುತ್ತಿದ್ದರೂ ಅವ್ವ ಅದನ್ನು ವಾರಕ್ಕೊಮ್ಮೆ ಹುಣಿಸೆಹಣ್ಣು ಹಾಕಿ ತಿಕ್ಕುವುದನ್ನು ಬಿಟ್ಟಿರಲಿಲ್ಲ. ಒಂದು ಮುಂಜಾನೆ ಬಚ್ಚಲಿಂದ ಅವಳ ಕೂಗು ಕೇಳಿ ಎದ್ದುಬಿದ್ದು ಓಡಿದೆವು. ಒಲೆಯ ಮೇಲೆ ಹಂಡೆ ಇಲ್ಲ. ಹಿತ್ತಿಲಲ್ಲಿ, ಕತ್ತು ಕತ್ತರಿಸಿಕೊಂಡು, ಬುಡ ಮುಂದೆ ಮಾಡಿಕೊಂಡು, ಚೌಕಟ್ಟಿನ ಮುಂಭಾಗಕ್ಕೆ ಕೂತುಬಿಟ್ಟಿದೆ.

“ನಮ್ಮಪ್ಪ ಒತ್ತು ತಂದು ಕೊಟ್ಟ ಅಂಡೆ ಕಣ್ರೋ! ನನ್ ಒಂದ್ ಮಾತ್ ಕೇಳ್ದೆ ಕೊಯ್ದು ಆಕ್ಬುಟ್ರಲ್ಲೋ! ಅಣ್ಣ ತಮ್ಮ ತಂಗಿ ಎಲ್ಲಾ ಒಂದೇ, ನಾನೊಬ್ಳೇ ಓರಗಿನೋಳು!”

ಅವ್ವ ಅಷ್ಟು ಗಟ್ಟಿಯಾಗಿ ಅತ್ತದ್ದನ್ನು ನಾನು ನೋಡಿದ್ದೇ ಅವತ್ತು. ಬೀದಿಯ ಹೆಂಗಸರೆಲ್ಲ ಬಂದು ನೆರೆದರು. ಚಿಕ್ಕಪ್ಪ ತಲೆ ತಗ್ಗಿಸಿ ನಿಂತಿದ್ದ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಅಪ್ಪಯ್ಯ ತಮ್ಮನನ್ನು ಬೈದರು, ಬೈದು ಸುಸ್ತಾಗಿ ಹೆಂಡತಿಯನ್ನು ಸಮಾಧಾನ ಮಾಡಲು ಕೂತರು. ಹಾಸನದಿಂದ ಹೊಸ ಹಂಡೆ ತಂದುಕೊಡುತ್ತೇನೆಂದು ಬೀದಿಯವರ ಮುಂದೆ ಮಾತು ಕೊಟ್ಟ ಮೇಲೆಯೇ ಅವ್ವ ಅಳು ನಿಲ್ಲಿಸಿದ್ದು. ಆ ಗದ್ದಲದಲ್ಲಿ ಕಾರನ್ನು ನಿಲ್ಲಿಸುವ ಮಾತೇ ಮರೆತುಹೋಯಿತು. ಅಂದಿನಿಂದ ಅವ್ವ ಅತ್ತೆಯ ಜೊತೆ ಮಾತು ಬಿಟ್ಟಳು. “ಓಗಿ ನಿಮ್ಮತ್ತೇನ ಊಟಕ್ಕೆ ಬರಾಕೇಳು” ಎಂದು ನನ್ನ ಕೈಲಿ ಹೇಳಿಸುತ್ತಿದ್ದಳು. ಅತ್ತೆ ಎದುರಿಗೇ ಇರುತ್ತಿದ್ದಳು.

ಆಯುಧಪೂಜೆಯ ದಿನ ನೇಗಿಲು, ಕುಡುಗೋಲು, ಗುದ್ದಲಿಗಳ ಸಾಲಿನ ಕೊನೆಗೆ ಆ ಕಾರಿಗೂ ಅರಿಶಿನ ಕುಂಕುಮ ಬಿತ್ತು. ಚಿಕ್ಕಪ್ಪನ ಮೈಸೂರಿನ ದಿನಗಳ ಗೆಳೆಯನೊಬ್ಬ ಚನ್ನರಾಯಪಟ್ಟಣದಲ್ಲಿ ಸ್ಟುಡಿಯೋ ಇಟ್ಟಿದ್ದ. ಅವನು ಕ್ಯಾಮೆರಾ ಹೊತ್ತು ಬಂದು ಗೂಡಿನ ಗೋಡೆಯ ಮುಂದೆ ಕಾರು ನಿಲ್ಲಿಸಿ ಫೋಟೊ ಹೊಡೆದ. ಆಮೇಲೆ ಅತ್ತೆ ಮಣೆಯಿಂದ ಹಲಗೆಗೆ, ಹಲಗೆಯಿಂದ ಸೀಟಿಗೆ ಜರುಗಿ ಕೂತಳು. ಎಂಜಿನ್ನಿನ ಸದ್ದಿಗೆ ಕೋಳಿಗಳು ಮೆದೆ ಹತ್ತಿದವು. ಹಿತ್ತಿಲ ಬಾಗಿಲು ದಾಟಿ, ಗದ್ದೆಯ ಬಂಡಿಜಾಡು ಹಿಡಿದು, ನಾಲೆಯವರೆಗೆ ಅತ್ತೆ ಒಬ್ಬಳೇ ಹೋದಳು. ನಾನು ಹಿಂದಿಂದೆ ಓಡಿದೆ. ನಾಲೆಯ ಏರಿಯ ಮೇಲೆ ಕಾರು ನಿಲ್ಲಿಸಿ, ಹರಿಯುವ ನೀರನ್ನು ನೋಡುತ್ತ ಕೂತಿದ್ದಳು. “ಇಷ್ಟು ಅತ್ರ ಇತ್ತೇನೇ ಇದು?” ಎಂದಳು. ಹುಟ್ಟಿದಾಗಿನಿಂದ ಆ ನೀರಿನ ಸದ್ದು ಕೇಳಿದ್ದಳು, ನೀರು ನೋಡಿರಲಿಲ್ಲ. ಹಿಂದಿರುಗಿದಾಗ ಅಪ್ಪಯ್ಯ ಗಾಲಿಗೆ ಕಾಯಿ ಒಡೆದು, ಒಂದು ಕಟ್ಟಳೆಯನ್ನೂ ಹಾಕಿದರು:

“ಗದ್ದೆಗೋಗು, ದೇವಸ್ಥಾನಕ್ಕೋಗು. ಊರೂರು ಸುತ್ತಾದು ಮಾತ್ರ ಬ್ಯಾಡ ಕಣವ್ವ.”

ಅರವತ್ತು ದಾಟುವವರೆಗೂ ನಾನು ನಂಬಿದ್ದ ಕತೆ ಇಷ್ಟು. ಚಿಕ್ಕಪ್ಪ ಅವ್ವನ ಹಂಡೆಯನ್ನು ಕೇಳದೆ ಕತ್ತರಿಸಿದ. ಅವ್ವ ಆ ಕಾರಿನತ್ತ ಕಣ್ಣೆತ್ತಿಯೂ ನೋಡಲಿಲ್ಲ, ಒಂದು ಸಲವೂ ಅದರಲ್ಲಿ ಕೂರಲಿಲ್ಲ. ಅಪ್ಪಯ್ಯನ ಕಟ್ಟಳೆಯಂತೆ ಅತ್ತೆ ಅದರಲ್ಲಿ ಹೋದ ಮೊದಲ ದೂರದ ಜಾಗ ಹಾಸನದ ಹತ್ತಿರದ ಮೊಸಳೆ ಎಂಬ ಊರಿನ ಜೋಡಿ ದೇವಸ್ಥಾನ. ಆಮೇಲೆ ಅವಳು ಸರ್ಕಾರದ ಹೊಲಿಗೆ ಪರೀಕ್ಷೆ ಪಾಸಾದಳು, ಪೇಟೆಯ ಹೆಣ್ಣುಮಕ್ಕಳ ಶಾಲೆಗೆ ದಿನಾ ಅದೇ ಕಾರಿನಲ್ಲಿ ಹೋಗಿ ಹೊಲಿಗೆ ಕಲಿಸಿದಳು. ಕಟ್ಟಳೆ ಯಾವಾಗ ಸಡಿಲವಾಯಿತು, ಪರೀಕ್ಷೆ ಎಲ್ಲಿ ನಡೆಯಿತು, ಇದನ್ನೆಲ್ಲ ನಾನು ಕೇಳಲೇ ಇಲ್ಲ. ಈಗ ಅವ್ವನೂ ಇಲ್ಲ, ಅಪ್ಪಯ್ಯನೂ ಇಲ್ಲ, ಅತ್ತೆ ಚಿಕ್ಕಪ್ಪನೂ ಇಲ್ಲ.

ಭಾನುವಾರ ನಾಗೇಂದ್ರ ಲ್ಯಾಪ್‌ಟಾಪ್ ಹಿಡಿದು ಬಂದರು. ಬಲು ವಿನಯದ ಮನುಷ್ಯ. ಮುದ್ದೆ, ಹಿತಕಿದ ಬೇಳೆ ಸಾರು ಬಡಿಸಿದೆ. ಊಟ ಮಾಡುತ್ತಲೇ ನನ್ನ ಕತೆಯನ್ನೆಲ್ಲ ಕೇಳಿದರು. ಕೇಳಿದ ಮೇಲೂ ಅವರ ಮನಸ್ಸಿನ ಅನುಮಾನ ಪೂರ್ತಿ ಹೋಗಿಲ್ಲ ಅನ್ನುವುದು ಮುಖದಲ್ಲಿ ಕಾಣುತ್ತಿತ್ತು. ತಪ್ಪೇನಿಲ್ಲ. ಮುದುಕಿಯ ನೆನಪನ್ನು ಯಾರು ಸಾಕ್ಷಿ ಅನ್ನುತ್ತಾರೆ? ಕೈತೊಳೆದು ಬಂದು ಫೋಟೊವನ್ನು ದೊಡ್ಡದು ಮಾಡಿ ತೋರಿಸಿದರು. ದುಂಡು ಮೂತಿ ಮೈಗೆ ಸೇರುವ ಕಡೆ ಸಣ್ಣ ಸಣ್ಣ ಚುಕ್ಕಿಗಳ ಸಾಲಿತ್ತು.

“ಇಲ್ಲಿ ನೋಡಿ ಮೇಡಂ, ರಿವೆಟ್ಟುಗಳು. ಕೈಕೆಲಸದಲ್ಲಿ ಇಷ್ಟು ಸಣ್ಣ ರಿವೆಟ್ಟು ಹಾಕೋದು ಕಷ್ಟ. ಅದಕ್ಕೇ ಕಾರ್ಖಾನೇದು ಅಂತ ನಮ್ಮೋರು ಹೇಳೋದು.”

ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವಾಗಿನ ಟಕಟಕ ಸದ್ದು ಕಿವಿಯಲ್ಲಿ ಬಂದಂತಾಯಿತು.

“ಸಾ, ಈ ಪಟಾನ ಅಡ್ಡಕ್ಕೆ ತಿರುಗಿಸಕ್ಕಾಗುತ್ತಾ?”

ಅವರು ತಿರುಗಿಸಿದರು. ಇನ್ನಷ್ಟು ದೊಡ್ಡದು ಮಾಡಿದರು. ಚುಕ್ಕಿಗಳು ಕೂಡಿಕೊಂಡು ಅಕ್ಷರವಾದವು. ‘ನಿಂಗಮ್ಮ’. ಪಕ್ಕದಲ್ಲಿ ಅವ್ವನ ತವರೂರಿನ ಮೊದಲ ಅಕ್ಷರ. ನಾಗೇಂದ್ರ ಕುರ್ಚಿಯಿಂದ ಎದ್ದೇಬಿಟ್ಟರು. “ಮೇಡಂ, ಇದು ಹಂಡೆ! ನಿಜವಾಗ್ಲೂ ಹಂಡೆ!” ಎಂದು ಚಿಕ್ಕಮಕ್ಕಳ ಹಾಗೆ ನಕ್ಕರು. ನಾನೂ ನಕ್ಕೆ. ಆ ಖುಷಿಯಲ್ಲೇ ಅವರು, “ಇನ್ನೊಂದು ನೆಗೆಟಿವ್ ಇದೆ, ಸ್ವಲ್ಪ ಮಾಸಿದೆ ಅಂತ ಗುಂಪಿಗೆ ಹಾಕಿರಲಿಲ್ಲ, ಅದರಲ್ಲಿ ಇಬ್ಬರು ಹೆಂಗಸರಿದ್ದಾರೆ, ಗುರುತು ಸಿಗುತ್ತಾ ನೋಡಿ” ಎಂದು ಮತ್ತೊಂದನ್ನು ತೆಗೆದರು.

ಅದು ಸ್ಟುಡಿಯೋದ ಮುಂದೆ ತೆಗೆದದ್ದು. ಬೋರ್ಡಿನಲ್ಲಿ ಚನ್ನರಾಯಪಟ್ಟಣ ಎಂಬ ಹೆಸರು ಅರ್ಧ ಕಾಣುತ್ತಿತ್ತು. ಕೋಲು ಹಿಡಿದು ನೆಟ್ಟಗೆ ಕೂತವಳು ಸಾವಿತ್ರತ್ತೆ. ಅವಳ ಪಕ್ಕ, ಅವಳ ಹೆಗಲಿಗೆ ಕೈ ಹಾಕಿಕೊಂಡು, ಬಾಯಿಗೆ ಸೆರಗಿಲ್ಲದೆ, ಹಲ್ಲು ಕಾಣುವಂತೆ ನಗುತ್ತಿದ್ದವಳು ನನ್ನ ಅವ್ವ. ಅವಳ ಮೇಲಿನ ಹಲ್ಲುಗಳ ನಡುವೆ ಸಣ್ಣ ಸಂದಿತ್ತು. ಅದೇ ಸಂದಿ ನನ್ನ ಹಲ್ಲಿನಲ್ಲೂ ಇದೆ. ಯಾರಿಂದ ಬಂತೆಂದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.  ನಾಗೇಂದ್ರ ಹೋಗಿ ನೀರು ತಂದುಕೊಟ್ಟರು.

“ಇದು ಆಗಕ್ಕಿಲ್ಲ ಸಾ,” ಎಂದೆ ಕೊನೆಗೆ. “ಅವ್ವ ಅತ್ತೆ ಮಾತು ಬಿಟ್ಟಿದ್ರು.”

ಕೇಳಲು ಉಳಿದಿದ್ದವಳು ಒಬ್ಬಳೇ, ಚಿಕ್ಕಪ್ಪನ ಹೆಂಡತಿ, ಇದೆಲ್ಲ ಆದ ಮೇಲೆ ಮದುವೆಯಾಗಿ ಬಂದ ನಮ್ಮ ಚಿಕ್ಕವ್ವ. ಅರಕಲಗೂಡಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾಗೇಂದ್ರರೇ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ಆ ರಸ್ತೆ ನನಗೆ ಅಂಗೈಯಷ್ಟು ಪರಿಚಯ. ಮಲ್ಲಿಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ವರ್ಷಾನುಗಟ್ಟಲೆ ಬಾಣಂತಿಯರನ್ನೂ ಕೂಸುಗಳನ್ನೂ ನೋಡುತ್ತ ಮೊಪೆಡ್ಡಿನಲ್ಲಿ ತಿರುಗಿದವಳು ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜೊತೆಯವರು, ಹೆಂಗಸು ಒಬ್ಬಳೇ ಗಾಡಿ ಓಡಿಸಿಕೊಂಡು ಹಳ್ಳಿಗೆ ಹೋಗಲು ಹೆದರಿಕೆ ಆಗಲ್ಲವಾ ಅಂತ ಕೇಳುತ್ತಿದ್ದರು. ಆ ಪ್ರಶ್ನೆಯೇ ನನಗೆ ಅರ್ಥವಾಗುತ್ತಿರಲಿಲ್ಲ. ಹೆಂಗಸರು ಗಾಡಿ ಓಡಿಸುವುದು ನನ್ನ ಪಾಲಿಗೆ ಮನೆಯ ಹಿತ್ತಿಲಿನ ಮಾತು. ದುಡಿದು ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು ಎಲ್ಲ ನನ್ನ ಧೈರ್ಯದಿಂದ ಅಂದುಕೊಂಡಿದ್ದೆ. ಆ ಧೈರ್ಯವನ್ನು ನಾನು ಸಂಪಾದಿಸಿದ್ದಲ್ಲ, ಊಟದ ಜೊತೆ ಬಡಿಸಿದ್ದರು ಅನ್ನುವುದು ಅವತ್ತು ಆ ರಸ್ತೆಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ಹೋಗುವಾಗ ಹೊಳೆಯಿತು.

ಚಿಕ್ಕವ್ವ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಕಿವಿ ಮಂದ, ಕಣ್ಣು ಚುರುಕು. ಫೋಟೊವನ್ನು ಕೈಗೆ ಕೊಟ್ಟ ಕೂಡಲೇ ತೊಡೆ ತಟ್ಟಿಕೊಂಡು ನಕ್ಕಳು.

“ಅಯ್ಯೋ, ಇದು ಪರೀಕ್ಷೆ ದಿನದ್ದು ಕಣೇ! ನಿಮ್ಮ ಚಿಕ್ಕಪ್ಪ ಏಳ್ತಾನೇ ಇರೋರು. ಪಟ ಐತೆ ಅಂತ ಮಾತ್ರ ನಂಗೊತ್ತಿರ್ನಿಲ್ಲ.”

“ಯಾವ ಪರೀಕ್ಷೆ ಚಿಕ್ಕವ್ವ?”

“ಒಲಿಗೆ ಪರೀಕ್ಷೆ. ಚನ್ರಾಯಪಟ್ಣದಲ್ಲಿ. ನಿಮ್ಮಪ್ಪಯ್ಯಂಗೆ ಮೊಸಳೆ ಗುಡೀಗೆ ಓಗ್ತೀವಿ ಅಂತ ಏಳಿ, ಅಣ್ಣ ತಂಗಿ ಇಬ್ರೂ ಪಟ್ಣದ ದಾರಿ ಇಡಿದವ್ರೆ. ನಿಮ್ಮವ್ವ ಆ ವಾರ ತೌರಿಗೋಗಿದ್ಲು ನೋಡು, ರಸ್ತೇಲೇ ಕಾದು ನಿಂತಿದ್ಲಂತೆ. ಪರೀಕ್ಷೆ ಕೋಣೆಗೆ ಗಂಡಸ್ರನ್ನ ಬಿಡಾಕಿಲ್ಲ ಅಂತ ನಿಮ್ಮ ಚಿಕ್ಕಪ್ಪ ಅಲ್ಲಿ ಇಳ್ಕೊಂಡು ಪಟ್ಣಕ್ಕೆ ಬಸ್ಸಲ್ಲೋದ್ರು, ನಿಮ್ಮವ್ವ ಗಾಡಿ ಅತ್ಕೊಂಡ್ಲು.”

“ಅವ್ವ ಅತ್ತೆ ಮಾತೇ ಆಡ್ತಿರಲಿಲ್ಲವಲ್ಲ ಚಿಕ್ಕವ್ವ? ಹಂಡೆ ಕೊಯ್ದರು ಅಂತ?”

ಚಿಕ್ಕವ್ವ ನನ್ನ ಮುಖವನ್ನೇ ನೋಡಿದಳು. ಅವಳಿಗೆ ನನ್ನ ಅಜ್ಞಾನ ಕಂಡು ಆಶ್ಚರ್ಯವಾಗಿರಬೇಕು.

“ಅಂಡೆ ಕೊಟ್ಟೋಳೇ ನಿಮ್ಮವ್ವ ಕಣವ್ವ! ‘ಇದ್ರ ಬುಡ ದುಂಡಗದೆ, ನಿನ್ ಗಾಡಿ ಮೂತಿಗೆ ಸರೋಯ್ತದೆ, ತಕ್ಕೋ ರಂಗಪ್ಪ’ ಅಂತ ತಾನೇ ಎತ್ಕೊಟ್ಲಂತೆ. ಅವತ್ತು ನಿಮ್ಮಪ್ಪಯ್ಯ ಗಾಡೀನ ಗುಜರಿಗೆ ಆಕ್ತೀನಿ ಅಂತ ಇದ್ರಂತೆ. ಗಂಡನ್ ಮುಂದೆ ನಿಂತು ಬ್ಯಾಡ ಅನ್ನಾಕೆ ಅವ್ಳಿಗೆ ಬಾಯಿಲ್ಲ. ಅದ್ಕೇ ತಾನೇ ಮೊದ್ಲು ಬಾಯ್ ಬಡ್ಕೊಂಡು ಬೀದಿ ಸೇರ್ಸಿದ್ಲು. ನಿಮ್ಮಪ್ಪಯ್ಯ ಅಂಡೆ ಜಗಳದಲ್ಲಿ ಗಾಡಿ ಜಗಳ ಮರ್ತ್ರು. ಮಾತ್ ಬಿಟ್ಟಿದ್ದೂ ಅಷ್ಟೇಯ, ಯಾರೂ ಇಬ್ರ ಮ್ಯಾಲೂ ಅನುಮಾನ ಪಡಬಾರ್ದು ಅಂತ. ಒಲೆ ಮುಂದೆ ಇಬ್ರೇ ಇದ್ರೆ ಗುಸುಗುಸು ಮಾತಾಡೋರಂತೆ.”

ನಾನು ಆ ಮನೆಯಲ್ಲಿ ಅವರಿಬ್ಬರ ನಡುವೆ ಮಾತು ಹೊತ್ತು ಓಡಾಡಿದವಳು. ನನಗೆ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಜಗಳದ ಮನೆಯಲ್ಲಿ ಬೆಳೆದೆ ಅಂತ ಎಷ್ಟು ಜನರ ಹತ್ತಿರ ಹೇಳಿಕೊಂಡಿದ್ದೆ! ಆ ಜಗಳಗಳಲ್ಲಿ ಎಷ್ಟು ನಿಜ, ಎಷ್ಟು ಯಾರನ್ನೋ ಕಾಪಾಡಲು ಆಡಿದ್ದು, ಈಗ ಎಣಿಸಲು ಯಾರೂ ಉಳಿದಿಲ್ಲ. ಎದುರು ಮಾತಾಡದ ಅವ್ವ ಅಂತ ನಾನು ಒಳಗೊಳಗೇ ಅವಳ ಮೇಲೆ ಮರುಕಪಡುತ್ತಿದ್ದೆ. ಅವಳು ತನಗಿದ್ದ ಒಂದೇ ಬೆಲೆಬಾಳುವ ವಸ್ತುವನ್ನು ನಾದಿನಿಗೆ ಕೊಟ್ಟು, ಕೊಟ್ಟದ್ದು ತಿಳಿಯದಂತೆ ಅತ್ತು, ಪಟ್ಟಣದ ರಸ್ತೆಯಲ್ಲಿ ಹಲ್ಲು ಬಿಟ್ಟು ನಕ್ಕುಬಂದವಳು. ಮಕ್ಕಳಿಗೆ ತಾಯಂದಿರ ವಿಷಯ ಎಷ್ಟು ಕಡಿಮೆ ಗೊತ್ತಿರುತ್ತೆ. ಇಷ್ಟು ತಡವಾಗಿಯಾದರೂ ತಿಳಿಯಿತಲ್ಲ ಅನ್ನುವ ಕೃತಜ್ಞತೆ ನನಗೆ ಆ ಸ್ಟುಡಿಯೋದವನ ಮೇಲೆ, ನೆಗೆಟಿವ್ ಎಸೆಯದ ಅವನ ಮನೆಯವರ ಮೇಲೆ, ಪಕ್ಕದಲ್ಲಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದ ನಾಗೇಂದ್ರರ ಮೇಲೆ.

ನಾಗೇಂದ್ರ ಎಂಜಿನ್ನಿನ ಬಗ್ಗೆ, ವೇಗದ ಬಗ್ಗೆ ಏನೇನೋ ಕೇಳಿದರು. “ಅದೆಲ್ಲ ನಂಗೊತ್ತಿಲ್ಲ ಕಣಪ್ಪ” ಎಂದಳು ಚಿಕ್ಕವ್ವ. ಕೊನೆಕೊನೆಗೆ ಬಿಡಿಭಾಗ ಸಿಗದೆ ಕಾರು ನಿಂತಾಗ ಚಿಕ್ಕಪ್ಪ ಎಂಜಿನ್ ಬಿಚ್ಚಿ ತರಕಾರಿ ಮಡಿಗೆ ನೀರೆತ್ತಲು ಹಾಕಿಕೊಂಡ. ಮೈ ತಗಡು ತುಕ್ಕು ತಿಂದು ಉದುರಿತು. ಅಷ್ಟು ಅವಳಿಗೆ ಗೊತ್ತಿತ್ತು. ನಾಗೇಂದ್ರ ಅಲ್ಲೇ ಕೂತು ತಮ್ಮ ಗುಂಪಿಗೆ ಬರೆಯತೊಡಗಿದರು. ಕಂಪನಿ ಇಲ್ಲ, ಹೊಳೆನರಸೀಪುರದ ರಂಗಣ್ಣ ಮಾಡಿದ್ದು, ಓಡಿಸಿದವರು ತಂಗಿ ಸಾವಿತ್ರಿ, ಮೂತಿ ಕೊಟ್ಟವರು ಅತ್ತಿಗೆ ನಿಂಗಮ್ಮ. “ಪ್ರೋಟೋಟೈಪ್ ಅನ್ನೋ ಪದ ಬಿಡ್ಲಾ ಮೇಡಂ?” ಎಂದು ಕೇಳಿದರು. “ಇರಲಿ ಬಿಡಿ ಸಾ,” ಎಂದೆ, “ಮೊದಲನೇದು ಅಂತ ತಾನೆ ಅರ್ಥ?”

ಅವರು ಬರೆಯುತ್ತಿದ್ದಾಗ ನಾನು ಚಿಕ್ಕವ್ವನ ಕಿವಿಯ ಹತ್ತಿರ ಬಾಗಿ ಇನ್ನೊಂದು ಮಾತು ಕೇಳಿದೆ.

“ಅಪ್ಪಯ್ಯಂಗೆ ಪರೀಕ್ಷೆ ವಿಷಯ ಕೊನೇವರೆಗೂ ಗೊತ್ತಾಗಲೇ ಇಲ್ವಾ ಚಿಕ್ಕವ್ವ?”

“ಅವತ್ ಸಂಜೇಗೇ ಗೊತ್ತಾಗೋಗಿತ್ತು. ಪಟ್ಣದಿಂದ ಬಸ್ಸಲ್ಲಿ ಬಂದೋರು ಯಾರೋ, ‘ನಿನ್ ತಂಗೀನ ಪಟ್ಣದಲ್ಲಿ ನೋಡ್ದೆ, ಎಂಗ್ ಓಡಿಸ್ತಾಳೆ ಕಣಯ್ಯ, ಜನ ದಾರಿ ಬಿಡ್ತಿದ್ರು’ ಅಂದ್ರಂತೆ. ನಗ್ತಿದ್ರು ಅನ್ನಲಿಲ್ಲ, ದಾರಿ ಬಿಡ್ತಿದ್ರು ಅಂದ್ರಂತೆ. ಅದು ತಲೇಲಿಟ್ಕೊಂಡೇ ಮನೇಗ್ ಬಂದವ್ರೆ. ಅವತ್ ಊಟಕ್ಕೆ ಕೂತಾಗ ನೀನೂ ಇದ್ದೆ ಅಂತಿದ್ರಲ್ಲ ನಿಮ್ಮ ಚಿಕ್ಕಪ್ಪ?”

ಇದ್ದೆ. ಅವಳು ಹಾಗೆ ಹೇಳಿದ ಮೇಲೆ ಆ ಊಟ ಕಣ್ಣಮುಂದೆ ಬಂತು. ಅವ್ವ ತವರಿನಿಂದ ಬಂದಿರಲಿಲ್ಲ. ಮುದ್ದೆ ತೊಳಸಿದ್ದು ಪಕ್ಕದ ಮನೆಯ ಅಜ್ಜಿ, ಹುರುಳಿಕಟ್ಟಿನ ಸಾರು ಬಿಸಿಯಾಗಿತ್ತು. ಅಪ್ಪಯ್ಯ ಗೋಡೆಗೊರಗಿ ಕೂತಿದ್ದರು, ಎದುರಿಗೆ ಅತ್ತೆ, ಬಾಗಿಲ ಹತ್ತಿರ ತಟ್ಟೆಯಿಂದ ಕಣ್ಣೆತ್ತದೆ ಚಿಕ್ಕಪ್ಪ.

“ಮೊಸಳೆ ಗುಡಿ ಎಂಗಿತ್ತವ್ವ?” ಎಂದು ಅಪ್ಪಯ್ಯ ಕೇಳಿದರು.

ಅತ್ತೆ ಮುದ್ದೆ ನುಂಗಿ ಹೇಳತೊಡಗಿದಳು. ಎರಡು ಗುಡಿಯೂ ಒಂದೇ ತರ ಅಣ್ಣಯ್ಯ, ಒಂದರಲ್ಲಿ ಈಶ್ವರ, ಇನ್ನೊಂದರಲ್ಲಿ ಚನ್ನಕೇಶವ. ಕಲ್ಲಿನಲ್ಲಿ ಬಳ್ಳಿ ಹಬ್ಬಿಸವ್ರೆ, ಬೆರಳಿಟ್ಟರೆ ಎಲೆ ಅಲ್ಲಾಡುತ್ತೇನೋ ಅನ್ನಬೇಕು. ನಾನು ತುತ್ತು ಮರೆತು ಕೇಳಿದೆ. ಅಪ್ಪಯ್ಯ ಒಂದು ಮಾತನ್ನೂ ತಡೆಯದೆ ಕೊನೆಯವರೆಗೆ ಕೇಳಿದರು. ಅವರ ಮೀಸೆಯಡಿ ಏನೋ ಇತ್ತು. ನಗು ಅಂತ ನನಗೆ ಆಗ ಅನ್ನಿಸಿರಲಿಲ್ಲ.

“ಇನ್ನೊಂದ್ ಸಲ ಓಗ್ಬೇಕಾಯ್ತದಾ?” ಎಂದರು.

ಅತ್ತೆ ಮುದ್ದೆಯ ತುತ್ತನ್ನು ಸಾರಿನಲ್ಲಿ ಹೊರಳಿಸಿದಳು. ಪರೀಕ್ಷೆಯ ಇನ್ನೊಂದು ಭಾಗ ಬಾಕಿ ಇತ್ತಂತೆ, ಚಿಕ್ಕವ್ವ ಹೇಳಿದಳು.

“ಓಗ್ಬೇಕಾಯ್ತದೆ ಅಣ್ಣಯ್ಯ.”

ಅಪ್ಪಯ್ಯ ತಮ್ಮ ಬಟ್ಟಲಿನ ಬೆಣ್ಣೆಯನ್ನು ಬೆರಳಲ್ಲಿ ತೆಗೆದು ಅವಳ ತಟ್ಟೆಗೆ ಹಾಕಿದರು.

“ಓಗ್ಬುಟ್ ಬಾ. ಗಾಲಿ ಸರ್ಯಾಗ್ ನೋಡ್ಕೊಂಡ್ ಓಗಿ. ಪಟ್ಣದ ರಸ್ತೇಲಿ ಜಲ್ಲಿ ಸುರಿದವ್ರೆ.”